ಹತ್ತನೆಯ ಹೆಬ್ಬೆಟ್ಟು

ನಮ್ಮ ಓಣಿಗೆ ದೊಡ್ಡವರಿಗೆ ಓದು ಕಲಿಸುವ ಕೇಂದ್ರ ಬರದೇ ಹೋಗಿದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಅದನ್ನು ತರಲು ಓಡಾಡಿದ್ದೂ ನಾನೇ. ಆದರೆ ಕೆಡಿಸಿದವಳು ಸರಿಮಾಡಿದರೆ ಅದೇನೂ ದೊಡ್ಡಸ್ತಿಕೆ ಅಲ್ಲ.

ನಾವು ಇರುವುದು ಶಹಾಬಾದಿನ ಕಲ್ಲಿನ ಓಣಿಯಲ್ಲಿ. ಖಣಿಯಿಂದ ಬಂದ, ನೆಲಕ್ಕೆ ಹಾಸುವ ಫರ್ಸಿ ಕಲ್ಲನ್ನು ಯಂತ್ರದಲ್ಲಿ ಕೊಯ್ದು ಉಜ್ಜುತ್ತಾರೆ. ಆ ಕಲ್ಲುಗಳನ್ನು ಎತ್ತಿ ಸಾಲಾಗಿ ನಿಲ್ಲಿಸುವುದು, ನೀರು ಹೊಡೆಯುವುದು, ಲಾರಿಗೆ ಹೇರುವುದು ಹೆಂಗಸರ ಕೆಲಸ. ನಾನು ಆ ಕೆಲಸ ಮಾಡಿ ಮಾಡಿ ಸೊಂಟ ಬಿದ್ದುಹೋದ ಮೇಲೆ ಮನೆಯಲ್ಲಿ ಕುಳಿತೆ. ಕುಳಿತವಳನ್ನು ಓಣಿಯವರು ಹೆಂಗಸರ ಸಂಘಕ್ಕೆ ಅಧ್ಯಕ್ಷೆ ಮಾಡಿದರು. ನಾನು ಶಾಣ್ಯಾಳು ಅಂತಲ್ಲ, ಬೇರೆ ಯಾರಿಗೂ ಪುರಸೊತ್ತು ಇರಲಿಲ್ಲ.

ಸಂಘದ ಹೆಸರಿನಲ್ಲಿ ಬ್ಯಾಂಕಿಗೆ ಹೋದ ಮೊದಲ ದಿನ ಅಲ್ಲಿದ್ದ ಗುಮಾಸ್ತ ನಮ್ಮ ಸೀರೆ ನೋಡಿದ, ಕೈ ನೋಡಿದ, ಶಾಯಿಯ ಡಬ್ಬಿಯನ್ನು ನಮ್ಮ ಕಡೆ ದೂಡಿದ. ಸಹಿ ಬರುತ್ತದೋ ಇಲ್ಲವೋ ಅಂತ ಒಂದು ಮಾತು ಕೇಳಲಿಲ್ಲ. ಅವನು ಕೆಟ್ಟವನಲ್ಲ. ಆದರೆ ಡಬ್ಬಿ ದೂಡಿದ ರೀತಿ ನನಗೆ ಹಿಡಿಸಲಿಲ್ಲ. ಓಣಿಗೆ ಬಂದವಳೇ ಒಂದು ಕಟ್ಟಳೆ ಮಾಡಿದೆ. ಸಂಘದಲ್ಲಿ ಯಾರೂ ಹೆಬ್ಬೆಟ್ಟು ಒತ್ತಕೂಡದು. ಒತ್ತಿದವಳು ಅವತ್ತು ಎಲ್ಲರಿಗೂ ಚಹಾ ಕಾಸಿ, ಕಪ್ಪು ಬಸಿ ತೊಳೆಯಬೇಕು.

ನಾನು ಹುಡುಗಿಯಾಗಿದ್ದಾಗ ನಾಲವಾರದಲ್ಲಿ ಒಂದು ವರ್ಷ ಶಾಲೆಗೆ ಹೋದವಳು. ಅಕ್ಷರ ಗೊತ್ತಿದ್ದವು, ಓದು ಗೊತ್ತಿರಲಿಲ್ಲ. ಗೊತ್ತಿದ್ದಷ್ಟರಲ್ಲೇ ಒಡೆದ ಫರ್ಸಿ ಚೂರುಗಳ ಮೇಲೆ ಸೀಮೆಸುಣ್ಣದಿಂದ ಒಬ್ಬೊಬ್ಬರ ಹೆಸರು ಬರೆದು ಕೊಟ್ಟೆ. ಅವರು ಆ ಚೂರನ್ನು ಒಲೆಯ ಪಕ್ಕ ಇಟ್ಟುಕೊಂಡು ಅದರ ಮೇಲೇ ತೀಡಿದರು. ಮೂರು ತಿಂಗಳಲ್ಲಿ ಎಲ್ಲರೂ ಸಹಿ ಕಲಿತರು. ಕಲಿತರು ಅಂದರೆ ರಂಗೋಲಿ ಕಲಿತ ಹಾಗೆ. ತನ್ನ ಹೆಸರನ್ನು ಎಳೆದು ಮುಗಿಸುತ್ತಾಳೆ, ಅದರಲ್ಲಿನ ಒಂದು ಅಕ್ಷರ ಅಂಗಡಿಯ ಬೋರ್ಡಿನಲ್ಲಿ ಕಂಡರೆ ಗುರುತು ಹಿಡಿಯಲಾರಳು. ಇದು ನನಗೆ ಗೊತ್ತಿತ್ತು. ಸಹಿ ಬಂದರೆ ಸಾಕು, ಇನ್ನು ಯಾರು ಡಬ್ಬಿ ದೂಡುತ್ತಾರೆ ನೋಡೋಣ ಅಂತ ಬಿಟ್ಟೆ. ನಾನೊಬ್ಬಳು ಮಾತ್ರ ಸಂಘದ ಪುಸ್ತಕ, ರೇಶನ್ ಅಂಗಡಿಯ ಚೀಟಿ, ಬಸ್ಸಿನ ಬೋರ್ಡು ಹೀಗೆ ಸಿಕ್ಕಿದ್ದನ್ನು ಕೂಡಿಸಿ ಕೂಡಿಸಿ ಓದಲು ಕಲಿತುಕೊಂಡೆ. ಈಗಲೂ ಒತ್ತಕ್ಷರ ಬಂದರೆ ದಾರಿಯಲ್ಲಿ ಕಲ್ಲು ಬಂದ ಹಾಗೆ ನಿಲ್ಲುತ್ತೇನೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಬ್ಬಳು ಸಣ್ಣ ವಯಸ್ಸಿನ ಟೀಚರು ಮೊಬೈಲ್ ಹಿಡಿದು ಮನೆಮನೆಗೆ ಬಂದಳು. ಬಿಸಿಲಲ್ಲಿ ತಿರುಗಿ ಮುಖ ಕೆಂಪಾಗಿತ್ತು.

"ಆಯಿ, ನಿಮ್ಮ ಮನ್ಯಾಗ ಓದ್ಲಾಕ ಬರೀಲಾಕ ಬರದವ್ರು ಯಾರರ ಅದಾರೇನ್ರಿ?"

"ನಮ್ಮ ಮನಿ ಏನು ಕೇಳ್ತಿ, ಓಣ್ಯಾಗೇ ಯಾರೂ ಇಲ್ಲ. ಎಲ್ಲಾರೂ ಸಹಿ ಮಾಡೋರೇ. ನಂಬಿಕಿ ಇಲ್ಲಂದ್ರ ಬಾ, ತೋರಸ್ತೀನಿ."

ನಾನೇ ಆಕೆಯ ಮುಂದೆ ನಡೆದೆ. ಮನೆಮನೆಯಲ್ಲೂ ಹೆಂಗಸರು ಕೈ ಒರೆಸಿಕೊಂಡು ಬಂದು ಕಾಗದದ ಮೇಲೆ ಹೆಸರು ಎಳೆದು ತೋರಿಸಿದರು. ಒಬ್ಬಳು ಎರಡು ಸಲ ಬರೆದಳು. ಮನೆಯಲ್ಲಿ ಇಲ್ಲದವರ ಪರವಾಗಿ ನಾನೇ ಹೇಳಿದೆ. ನಮ್ಮ ಹಿತ್ತಲಿಗೆ ಹತ್ತಿದ ಹಿಂದಿನ ಮನೆಯವಳು ಶಾಲೆಯಲ್ಲಿ ಬಿಸಿಯೂಟದ ಕೆಲಸಕ್ಕೆ ಹೋಗಿದ್ದಳು. "ಆಕಿಗೂ ಬರ್ತದ, ಬರ್ಕೊ" ಅಂದೆ. ಟೀಚರು ಖುಷಿಯಾಗಿ ಮೊಬೈಲ್ ಒತ್ತಿದಳು. "ಭಾಳ ಚೊಲೊ ಓಣಿ ನೋಡ್ರಿ ನಿಮ್ದು, ನಂದು ಜಲ್ದಿ ಮುಗೀತು" ಅಂದಳು. ನಾನು ಆಕೆಗೆ ಚಹಾ ಕುಡಿಸಿ ಕಳಿಸಿದೆ. ಎರಡು ತಿಂಗಳು ಆ ಮಾತು ನೆನಪಿಗೂ ಬರಲಿಲ್ಲ.

ಜನವರಿಯಲ್ಲಿ ಒಂದು ಸಂಜೆ ಹಿಂದಿನ ಮನೆಯವಳು ಬಂದಳು. ಮುಸ್ಲಿಮರ ಮನೆಯ ಸೊಸೆ. ತವರು ತೆಂಗಳಿ. ಗಂಡ ವಾಡಿಯಲ್ಲಿ ಹಮಾಲಿ ಮಾಡುತ್ತಾನೆ. ಮೊದಲು ನನ್ನ ಜೊತೆ ಕಲ್ಲು ಎತ್ತುತ್ತಿದ್ದಳು, ಹನ್ನೊಂದು ವರ್ಷದಿಂದ ಶಾಲೆಯ ಅಡುಗೆಮನೆಯಲ್ಲಿ ಸಹಾಯಕಿ. ಸಾಮಾನ್ಯವಾಗಿ ನಗುತ್ತಲೇ ಬರುವವಳು ಅವತ್ತು ಹೊಸ್ತಿಲಲ್ಲೇ ನಿಂತಳು.

"ಆಯಿ, ನಮ್ಮ ದೊಡ್ಡ ಅಡಿಗಿಯಾಕಿಗಿ ಅರವತ್ತಾಯ್ತು. ಏಪ್ರಿಲ್‌ಕ್ಕ ಬಿಡ್ತಾಳ. ಆಕಿ ಜಾಗಾ ನನಗ ಬರಬೇಕಲ್ಲ?"

"ಬರಬೇಕು. ನಿಂದೇ ಹಳೀ ಕೈ."

"ಹೆಡ್ ಮಾಸ್ತರ ಏನಂತಾರ ಗೊತ್ತದೇನು? ಹಿರೇತನ ನಿಂದು, ಬರವಣಿಗಿ ಇನ್ನೊಬ್ಬಾಕಿದು ಅಂತಾರ. ಆಕಿ ಏಳನೇತ್ತ ಪಾಸು. ದಿನಾ ಅಕ್ಕಿ ಎಷ್ಟು ಹೋಯ್ತು, ಬ್ಯಾಳಿ ಎಷ್ಟು ಹೋಯ್ತು ಬುಕ್ಕಿನಾಗ ಬರೀಬೇಕು, ನಿನಗ ಬರಲ್ಲ ಅಂತಾರ. ನಿನ್ನೆ ಬಂದಾಕಿ ಕೈಕೆಳಗ ನಾ ಈರುಳ್ಳಿ ಹೆಚ್ಚಬೇಕೇನು?"

"ಹಂಗಾದ್ರ ಮುಗೀತಾ?"

"ಮುಗೀಲಿಲ್ಲ. ಸರ್ಕಾರದ್ದು ದೊಡ್ಡವರ ಸಾಲಿ ನಡೀಲಿಕತ್ತದಲ್ಲ, ಅದರಾಗ ಕಲ್ತು ಪರೀಕ್ಷಾ ಪಾಸಾದ ಕಾಗದ ತಂದ್ರ ನಿನಗೇ ಕೊಡ್ತೀನಿ, ಜೂನ್ ತನಕ ಕಾಯ್ತೀನಿ ಅಂದಾರ. ತೆಂಗಳ್ಯಾಗ ನಮ್ಮ ಅಮ್ಮಿ ಸುದ್ದಾ ಹೋಗ್ಲಿಕತ್ತಾಳ. ನಮ್ಮ ಓಣ್ಯಾಗ ಎಲ್ಲಿ ನಡೀತದ, ಯಾವಾಗ ಸುರು ಆಗ್ತದ?"

ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಟೀಚರು ಬಂದದ್ದು, ನಾನು ಹೇಳಿದ್ದು ಎಲ್ಲ ಹೇಳಿದೆ.

"ನನ್ನ ಹೆಸರು ನೀ ಯಾಕ ಹೇಳ್ದಿ?" ಅಂದಳು. ಜೋರಾಗಿ ಅನ್ನಲಿಲ್ಲ. ಎದ್ದು ಹೋದಳು.

ಮರುದಿನ ನಗರಸಭೆಯ ಕಚೇರಿಗೆ ಹೋದೆ. ಈ ಓದಿನ ಕೆಲಸ ನೋಡುವ ಗುಮಾಸ್ತನ ಮೇಜು ಮೂಲೆಯಲ್ಲಿತ್ತು. ಅವನು ನಮ್ಮ ವಾರ್ಡ್ ಕೇಳಿ ಕಂಪ್ಯೂಟರ್ ಒತ್ತಿದ.

"ನಿಮ್ಮಲ್ಲಿ ಸೊನ್ನಿ ಅದ ಆಯಿ."

"ಏನು ಸೊನ್ನಿ?"

"ಓದ್ಲಾಕ ಬರದವರು ಸೊನ್ನಿ. ಪೂರ್ತಿ ಓಣಿ ಕಲ್ತದ. ಖುಷಿ ಪಡ್ರಿ."

"ಖುಷಿ ಆಮ್ಯಾಲ ಪಡ್ತೀನಿ. ಕೇಂದ್ರ ಯಾವಾಗ ಕೊಡ್ತಿ ಹೇಳು."

ಅವನು ನಕ್ಕ. ನಗಬಾರದಿತ್ತು, ಆದರೆ ಆಮೇಲೆ ಕುರ್ಚಿ ಎಳೆದು ಕೂಡಿಸಿ ಬಿಡಿಸಿ ಹೇಳಿದ. ಹಣ ಮೇಲಿಂದ ಬರುವುದು ತಲೆಯ ಲೆಕ್ಕದಲ್ಲಿ. ಓದು ಬಾರದ ತಲೆ ಎಷ್ಟು ಅಂತ ಮೊಬೈಲಿನಲ್ಲಿ ಹೋಗಿದೆಯೋ ಅಷ್ಟು ಪುಸ್ತಕ, ಅಷ್ಟು ಪಾಟಿ, ಅಷ್ಟು ಕೇಂದ್ರ. ಜಿಲ್ಲೆಗೆ ಬಂದದ್ದನ್ನು ತಾಲೂಕಿಗೆ ಹಂಚುತ್ತಾರೆ, ತಾಲೂಕಿಗೆ ಬಂದದ್ದನ್ನು ಊರಿಗೆ, ವಾರ್ಡಿಗೆ. ಪಟ್ಟಿಯಲ್ಲಿ ಹೆಸರಿಲ್ಲದವಳು ಎಲ್ಲಿಂದಲಾದರೂ ಕಲಿತು ಬಂದರೂ ಪರೀಕ್ಷೆಗೆ ಕೂಡುವ ಹಾಗಿಲ್ಲ.

ನನಗೆ ತಿಳಿಯಿತು. ಬೇಸಿಗೆಯಲ್ಲಿ ಓಣಿಗೆ ನೀರಿನ ಟ್ಯಾಂಕರ್ ಬರುತ್ತದೆ. ಸಾಲಿನಲ್ಲಿ ಯಾರ ಕೊಡ ಎಷ್ಟಿದೆ ನೋಡಿ ಬಿಡುತ್ತಾರೆ, ಯಾರ ಗಂಟಲು ಎಷ್ಟು ಒಣಗಿದೆ ಅಂತ ಯಾರೂ ಬಾಯಿ ತೆರೆಸಿ ನೋಡುವುದಿಲ್ಲ. ನಾನು ಇಡೀ ಓಣಿಯ ಕೊಡಗಳನ್ನು ಒಳಗೆ ಎತ್ತಿಟ್ಟು, ನಮಗೆ ನೀರಡಿಕೆ ಇಲ್ಲ ಅಂತ ಟ್ಯಾಂಕರಿನವನಿಗೆ ಹೇಳಿ ಕಳಿಸಿದ್ದೆ.

"ಈಗ ಏನು ಮಾಡ್ಲಿ?"

"ಒಂದು ದಾರಿ ಅದ. ಚಿಂಚೋಳಿ ಕಡಿ ಮಂದಿ ಕೆಲಸಕ್ಕ ಊರು ಬಿಟ್ಟು ಹೋಗ್ಯಾರ, ಸೇಡಂ ಕಡಿನೂ ಅಷ್ಟು ಇಷ್ಟು. ಖಾಲಿ ಬಿದ್ದ ಕೇಂದ್ರ ವಾಪಸ್ ಬಂದಾವ. ಮಾರ್ಚ್ ಒಳಗ ಯಾರಿಗರ ಹಂಚಬೇಕು, ಇಲ್ಲಂದ್ರ ಮ್ಯಾಲ ತಿರುಗಿ ಹೋಗ್ತಾವ. ಬರೋ ಗುರುವಾರ ಚಿತ್ತಾಪುರದಾಗ ಮೀಟಿಂಗ್. ಬಿಟ್ಟುಹೋದವರ ಪಟ್ಟಿ ಅಂತ ಒಂದು ಫಾರ್ಮ್ ಅದ. ಓದ್ಲಾಕ ಬರಲ್ಲ ಅಂತ ಹತ್ತು ಮಂದಿ ಹೆಬ್ಬೆಟ್ಟು ಒತ್ತಿಸ್ಕೊಂಡು ಹೋಗ್ರಿ. ಹತ್ತಕ್ಕ ಒಂದು ಕಡಿಮಿ ಆದ್ರೂ ಕೇಂದ್ರ ಇಲ್ಲ."

"ಸಹಿ ನಡೆಯಂಗಿಲ್ಲೇನು?"

"ಸಹಿ ಮಾಡಿದಾಕಿಗಿ ಓದ್ಲಾಕ ಬರಲ್ಲ ಅಂದ್ರ ಯಾರು ನಂಬ್ತಾರ ಆಯಿ?"

ಗುರುವಾರಕ್ಕೆ ಐದು ದಿನ ಇತ್ತು. ಅಂದೇ ಸಂಜೆ ಸಂಘ ಕೂಡಿಸಿದೆ. ಫಾರ್ಮನ್ನೂ ಶಾಯಿಯ ಡಬ್ಬಿಯನ್ನೂ ನಡುವೆ ಇಟ್ಟೆ. ಎಲ್ಲರೂ ಡಬ್ಬಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಸಂಘದ ಉಪಾಧ್ಯಕ್ಷೆ ಲಾರಿಗೆ ಕಲ್ಲು ಹೇರುವವರ ಮುಂದಾಳು. ಆಕೆಯ ಬಾಯಿ ಯಂತ್ರದ ಸದ್ದಿನ ಮೇಲೂ ಕೇಳುತ್ತದೆ.

"ಏನಿದು? ಚಹಾ ಇವತ್ತು ಯಾರು ಕಾಸ್ತಾರ, ನೀನಾ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಇದ್ದದ್ದು ಹೇಳಿದೆ.

"ಅವಾಗ ಒತ್ತಬ್ಯಾಡ ಅಂದಿ, ಈಗ ಒತ್ತು ಅಂತಿ" ಅಂದಳು ಉಪಾಧ್ಯಕ್ಷೆ. "ನಿನ್ನ ನಾಲಿಗ್ಗಿ ಎಲುಬಿಲ್ಲ ನೋಡು ಆಯಿ. ಮೂರು ತಿಂಗಳು ಫರ್ಸಿ ಮ್ಯಾಲ ತಿಕ್ಕಿಸಿದಿ. ನನ್ನ ಅಳಿಯನ ಊರಾಗ ಎಲ್ಲಾರ ಮುಂದ ಸಹಿ ಮಾಡಿ ಬಂದೀನಿ. ನಾ ಒತ್ತಾಂಗಿಲ್ಲ."

ಇನ್ನೊಬ್ಬಳು ಕೇಳಿದಳು, "ಬ್ಯಾಂಕಿನ್ಯಾಗ ಸಹಿ ಅದ, ಇದರಾಗ ಹೆಬ್ಬೆಟ್ಟು ಬಂದ್ರ ಇಬ್ಬರೂ ಒಬ್ಬಾಕೇ ಹೌದೋ ಅಲ್ಲೋ ಅಂತ ಪೊಲೀಸ್ರು ಬರಂಗಿಲ್ಲೇನು?"

ಈ ಹೆದರಿಕೆ ಎಲ್ಲರಿಗೂ ಹಿಡಿಯಿತು. ಎದ್ದು ಹೋಗಲು ಹತ್ತಿದರು. ಆಗ ಹಿಂದಿನ ಮನೆಯವಳು ಬಂದಳು. ಹೊಗೆಯ ವಾಸನೆ ಸೀರೆಯಲ್ಲಿತ್ತು. ಯಾರನ್ನೂ ಮಾತಾಡಿಸದೆ ಕುಳಿತು ಹೆಬ್ಬೆರಳನ್ನು ಡಬ್ಬಿಗೆ ಒತ್ತಿ ಫಾರ್ಮಿನ ಮೊದಲ ಸಾಲಿನಲ್ಲಿ ಇಟ್ಟಳು.

"ಪೊಲೀಸ್ರು ಬಂದ್ರ ಮೊದಲ ನನ್ನ ಒಯ್ಯಲಿ" ಅಂದಳು. "ಬೆಳಿಗ್ಗಿ ಅಡಿಗಿ ಮುಗಿಸಿ ಬರ್ತೀನಿ ಅಂತ ಹೇಳ್ತೀನಿ."

ಅವತ್ತು ಆರು ಆದವು. ಮರುದಿನ ನಾನು ಮನೆಮನೆಗೆ ತಿರುಗಿದೆ. ಬೈಸಿಕೊಂಡೆ. ಒಬ್ಬಳು ಬಾಗಿಲು ಹಾಕಿಕೊಂಡಳು, ಒಳಗಿಂದ "ಮನ್ಯಾಗ ಇಲ್ಲ" ಅಂತ ತಾನೇ ಹೇಳಿದಳು. ಬುಧವಾರ ಸಂಜೆಗೆ ಒಂಬತ್ತು ಆದವು. ಉಪಾಧ್ಯಕ್ಷೆಯ ಕಟ್ಟೆಯ ಮೇಲೆ ತಾಸುಗಟ್ಟಲೆ ಕುಳಿತೆ. ಅವಳು ಮಜ್ಜಿಗೆ ಕೊಟ್ಟಳು, ಹೆಬ್ಬೆಟ್ಟು ಕೊಡಲಿಲ್ಲ.

ಮನೆಗೆ ಬಂದು ಹತ್ತನೆಯ ಸಾಲಿನಲ್ಲಿ ನನ್ನದನ್ನೇ ಒತ್ತಿದೆ. ಓದು ಬಾರದು ಅಂತ ಮೇಲೆ ಬರೆದಿತ್ತು. ಆ ಬರೆದದ್ದನ್ನು ನಾನು ಓದಿಯೇ ಒತ್ತಿದೆ.

ಗುರುವಾರ ಹಿಂದಿನ ಮನೆಯವಳೂ ನನ್ನ ಜೊತೆ ಹೊರಟಳು. ಹೆಂಗಸರಿಗೆ ಬಸ್ಸು ಪುಕ್ಕಟೆ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ವಾಡಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಬಸ್ಸು ಬಂದ ಕೂಡಲೇ ಅಭ್ಯಾಸದಂತೆ ಬೋರ್ಡು ನೋಡಿ "ಚಿತ್ತಾಪುರ, ನಡಿ" ಅಂದೆ. ಆಕೆ ನನ್ನ ತೋಳು ಚಿವುಟಿದಳು.

"ಆಯಿ, ಇವತ್ತು ಏನೂ ಓದಬ್ಯಾಡ. ಯಾರಿಗರ ಕೇಳಿ ಹತ್ತು."

ಹಾಗಾಗಿ ನಾನು ಕಣ್ಣೆದುರು ಬೋರ್ಡು ಇಟ್ಟುಕೊಂಡು ಕಂಡಕ್ಟರನಿಗೆ "ಇದು ಎಲ್ಲಿಗಿ ಹೋಗ್ತದಪ್ಪ?" ಅಂತ ಕೇಳಿದೆ. ಅವನು ಬೋರ್ಡು ತೋರಿಸಿದ. ದಾರಿಯುದ್ದಕ್ಕೂ ಅಂಗಡಿಗಳ ಹೆಸರು ಬಂದಾಗೆಲ್ಲ ಮುಖ ತಿರುಗಿಸಿ ಕುಳಿತೆ. ಒಮ್ಮೆ ಓದಲು ಬಂದ ಮೇಲೆ ಓದದೇ ಇರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.

ಚಿತ್ತಾಪುರದ ಹಾಲಿನಲ್ಲಿ ಮಂದಿ ತುಂಬಿದ್ದರು. ಹಂಚುವುದಕ್ಕೆ ಇದ್ದದ್ದು ಆರು ಕೇಂದ್ರ, ಬಂದಿದ್ದ ಪಟ್ಟಿ ಹದಿನಾಲ್ಕು. ಪಂಚಾಯತಿ ಮೆಂಬರುಗಳು ಬಿಳಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿದ್ದರು. ಕೋಡ್ಲಾ ಕಡೆಯಿಂದ ಬಂದ ಒಬ್ಬನು ಸಿಮೆಂಟ್ ಕಾರ್ಖಾನೆಯ ಸುತ್ತ ಹೊರಗಿನ ಕೂಲಿಯವರು ಭಾಳ ಇದ್ದಾರೆ, ಎರಡು ಬೇಕು ಅಂತ ಕೇಳುತ್ತಿದ್ದ. ನಮ್ಮ ಜೊತೆ ಯಾವ ಮೆಂಬರೂ ಬಂದಿರಲಿಲ್ಲ. ಪಟ್ಟಿ ನೋಡುತ್ತಿದ್ದವರು ಒಬ್ಬ ಹೆಣ್ಣು ಅಧಿಕಾರಿ, ಕನ್ನಡಕದವರು. ಒಂದೊಂದು ಪಟ್ಟಿ ಮುಗಿದಂತೆ ಎಡಕ್ಕೆ ಇಲ್ಲವೆ ಬಲಕ್ಕೆ ಇಡುತ್ತಿದ್ದರು. ಬಲಕ್ಕೆ ಇಟ್ಟದ್ದು ಆಯಿತು, ಎಡಕ್ಕೆ ಇಟ್ಟದ್ದು ಹೋಯಿತು. ನಮ್ಮ ಸರದಿ ಬರುವಷ್ಟರಲ್ಲಿ ಬಲಕ್ಕೆ ಐದು ಪಟ್ಟಿ ಬಿದ್ದಿದ್ದವು.

ಅವರು ನಮ್ಮ ಫಾರ್ಮ್ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇದೇನ್ರಿ ಇದು? ಮೊದಲಿಂದು ಒಂದು ಬಿಟ್ರ ಉಳಿದ ಒಂಬತ್ತೂ ಒಂದೇ ಥರ ಅದಾವ. ಒಂದಕ್ಕೂ ಗೆರಿ ಇಲ್ಲ. ಒಬ್ಬಾಕೇ ಕುಂತು ಒಂಬತ್ತು ಸಲ ಒತ್ತೀರಲ್ಲ, ನಮಗ ಕಣ್ಣಿಲ್ಲಂತ ತಿಳ್ಕೊಂಡೀರಾ?"

ನಮ್ಮ ಕಾಗದ ಎಡಕ್ಕೆ ಹೋಯಿತು. ಹಿಂದಿದ್ದವನು ಮುಂದೆ ನುಗ್ಗಿದ. ನಾನು ಅವನನ್ನು ಮೊಣಕೈಯಿಂದ ತಡೆದು ಎರಡೂ ಕೈಗಳನ್ನು ಅಂಗೈ ಮೇಲೆ ಮಾಡಿ ಮೇಜಿನ ಮೇಲೆ ಇಟ್ಟೆ.

"ನೋಡ್ರಿ ಬಾಯಾರೆ. ಗೆರಿ ಎಲ್ಲಿ ಅದಾವ ಹುಡುಕಿ ಕೊಡ್ರಿ. ಕಲ್ಲು ತಿಂದಾವ. ರೇಶನ್ ಅಂಗಡ್ಯಾಗ ಮಷೀನ್ ಸುದ್ದಾ ನಮ್ಮ ಬೆರಳು ಹಿಡಿಯಂಗಿಲ್ಲ. ಒಂಬತ್ತೂ ಮಂದಿ ಫರ್ಸಿ ಎತ್ತೋರು, ನಾ ಬಿಟ್ಟೀನಿ, ಆದ್ರ ನನ್ನವು ಇನ್ನಾ ತಿರುಗಿ ಬಂದಿಲ್ಲ. ಇಕಿ ಒಬ್ಬಾಕಿ ಕಲ್ಲು ಬಿಟ್ಟು ಹನ್ನೊಂದು ವರ್ಷದಿಂದ ಅಡಿಗಿ ಮಾಡ್ತಾಳ, ಅದಕ್ಕ ಇಕಿಗಿ ಗೆರಿ ತಿರುಗಿ ಬಂದಾವ."

ಅಧಿಕಾರಿ ನನ್ನ ಹೆಬ್ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿದರು. ತಮ್ಮ ಬೆರಳಿನಿಂದ ಉಜ್ಜಿ ನೋಡಿದರು. ಇನ್ನೊಂದು ಕಾಗದದ ಮೇಲೆ ಒತ್ತಿಸಿದರು. ಶಾಯಿಯ ಒಂದು ಕರಿ ಬೊಟ್ಟು ಬಿತ್ತು, ಅಷ್ಟೇ. ಕಾಗದವನ್ನು ಎಡದಿಂದ ತೆಗೆದು ತಮ್ಮ ಮುಂದೆ ಇಟ್ಟುಕೊಂಡರು.

"ಇರ್ಲಿ. ಆದ್ರ ಸರ್ವೇದಾಗ ಸೊನ್ನಿ ಅಂತ ಬಂದದ. ನಾ ಸುಮ್ನ ಕೊಡ್ಲಾಕ ಬರಲ್ಲ. ಇಬ್ಬರೂ ಬಂದೀರಿ, ಓದಿಸಿ ನೋಡ್ತೀನಿ."

ಒಂದು ಪುಸ್ತಕ ತೆರೆದು ಹಿಂದಿನ ಮನೆಯವಳ ಮುಂದೆ ಇಟ್ಟರು. ಹಾಳೆಯ ಮೇಲರ್ಧ ಚಿತ್ರ, ನಳದ ಕೆಳಗೆ ಎರಡು ಕೈ. ಕೆಳಗೆ ಒಂದು ಸಾಲು. ಆಕೆ ಬೆವರುತ್ತಿದ್ದಳು. ಚಿತ್ರ ನೋಡಿದವಳೇ ಪಾಠ ಒಪ್ಪಿಸಿದ ಹಾಗೆ ಅಂದಳು, "ಊಟಕ್ಕೆ ಮೊದಲು ಕೈ ತೊಳೆಯಿರಿ."

ಒಂದು ಅಕ್ಷರವೂ ತಪ್ಪಲಿಲ್ಲ. ಆಕೆಯ ಅಡುಗೆಮನೆಯ ಗೋಡೆಯ ಮೇಲೆ ಇದೇ ಚಿತ್ರ, ಇದೇ ಮಾತು ಇದೆ. ಮಕ್ಕಳು ದಿನಾ ಕೂಗುತ್ತಾರೆ. ಹನ್ನೊಂದು ವರ್ಷ ಕೇಳಿದ್ದಾಳೆ.

"ಬರ್ತದಲ್ರಿ!" ಅಂದರು ಅಧಿಕಾರಿ. ಪೆನ್ನು ಎತ್ತಿದರು. ಆಕೆಯ ಹೆಸರಿನ ಮೇಲೆ ಗೀಟು ಎಳೆಯಲು ಹೊರಟಿದ್ದರು. ಯಾರಿಗಾಗಿ ಬಂದಿದ್ದೆವೋ ಅವಳೇ ಪಟ್ಟಿಯಿಂದ ಹೋಗುತ್ತಿದ್ದಳು. ತಾನು ಏನು ಮಾಡಿದೆ ಅಂತ ತಿಳಿದು ಆಕೆ ಬಾಯಿಯ ಮೇಲೆ ಸೆರಗು ಇಟ್ಟುಕೊಂಡಳು.

ನಾನು ಕೈ ಚಾಚಿ ಚಿತ್ರವನ್ನು ಮುಚ್ಚಿದೆ.

"ಈಗ ಕೇಳ್ರಿ. ಇದರಾಗ 'ಕೈ' ಎಲ್ಲಿ ಅದ ತೋರಸು ಅನ್ರಿ."

ಅಧಿಕಾರಿ ಕೇಳಿದರು. ಆಕೆ ಸಾಲಿನ ಮೇಲೆ ಬೆರಳು ಓಡಿಸಿ ಕೊನೆಯ ಶಬ್ದದ ಮೇಲೆ ಇಟ್ಟಳು. ಅದು ತೊಳೆಯಿರಿ. ಹಾಳೆ ತಿರುಗಿಸಿ ಚಿತ್ರ ಇಲ್ಲದ ಇನ್ನೊಂದು ಸಾಲು ತೋರಿಸಿದರು. ಆಕೆಯ ತುಟಿಗಳು ಅಲುಗಿದವು, ಏನೂ ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಅಧಿಕಾರಿ ಪೆನ್ನು ಕೆಳಗಿಟ್ಟರು. ನನ್ನ ಕಡೆ ತಿರುಗಿದರು.

"ನೀವು ಭಾಳ ಶಾಣ್ಯಾರು ಅದೀರಿ. ನೀವು ಓದ್ರಿ ಇದನ್ನ."

ಪುಸ್ತಕ ನನ್ನ ಕಡೆ ಬಂತು. ನೀರು ಕಾಯಿಸಿ ಕುಡಿಯಬೇಕು, ಅಂತ ಇತ್ತು. ಒತ್ತಕ್ಷರ ಒಂದೂ ಇರಲಿಲ್ಲ. ಕೂಡಿಸುವ ಗೋಜೂ ಇಲ್ಲದೆ ಓದಿಸಿಕೊಂಡು ಹೋಯಿತು. ನನ್ನ ಜನ್ಮದಲ್ಲಿ ಇಷ್ಟು ಸಲೀಸಾಗಿ ಒಂದು ಸಾಲು ಓದಿರಲಿಲ್ಲ, ಅದೂ ಅವತ್ತೇ ಆಗಬೇಕಿತ್ತು. ಹತ್ತಕ್ಕೆ ಒಂದು ಕಡಿಮೆಯಾದರೂ ಕೇಂದ್ರ ಇಲ್ಲ.

"ಬರಂಗಿಲ್ರಿ" ಅಂದೆ.

"ನಿಮ್ಮ ಕಣ್ಣು ಸಾಲಿನ ಮ್ಯಾಲ ಹೋದವು. ನಾ ನೋಡ್ದೆ."

"ಕರಿ ಇರಬಿ ಸಾಲು ಹಿಡದಂಗ ಕಾಣ್ತದ್ರಿ. ಇರಬಿ ಎಲ್ಲಿ ಹೊಂಟಾವ ಅಂತ ಕಣ್ಣು ಹಿಂದ ಹೋಗ್ತಾವ."

ಸಾಲಿನಲ್ಲಿದ್ದ ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. ನನ್ನನ್ನು ನೋಡಿದರು, ನಾನೂ ನೋಡಿದೆ. ಅವರಿಗೆ ಗೊತ್ತಾಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಹಿಂದೆ ಇನ್ನೂ ನಾಲ್ಕು ಪಟ್ಟಿಯವರು ನಿಂತಿದ್ದರು. ಅವರ ಊರಿನಲ್ಲೂ ಓದು ಬಾರದವರು ಇದ್ದೇ ಇದ್ದರು, ನನ್ನಂಥ ಸುಳ್ಳಿ ಇರಲಿಕ್ಕಿಲ್ಲ. ಅಧಿಕಾರಿ ನಮ್ಮ ಕಾಗದ ಎತ್ತಿ ಬಲಕ್ಕೆ ಇಟ್ಟರು. ಆರು ಮುಗಿಯಿತು. ಹಿಂದಿದ್ದವರು ಒಮ್ಮೆಲೇ ಗದ್ದಲ ಎಬ್ಬಿಸಿದರು. ನಾವು ತಿರುಗಿ ನೋಡದೆ ಹೊರಗೆ ಬಂದೆವು.

ಹೊರಗೆ ಹಿಂದಿನ ಮನೆಯವಳು ನನ್ನನ್ನು ಬೈದಳು. "ನಿನ್ನಂಥಾಕಿ ನನ್ನ ಸಲುವಾಗಿ ಓದ್ಲಾಕ ಬರಂಗಿಲ್ಲ ಅಂದಿ. ಇನ್ನ ನಾ ಪಾಸಾಗ್ಲಿಲ್ಲಂದ್ರ ಹ್ಯಾಂಗ ಆಯಿ?"

"ಪಾಸಾಗು, ಮತ್ತೇನು."

ಹದಿನೈದು ದಿನಕ್ಕೆ ಪುಸ್ತಕ, ಪಾಟಿ, ಗೋಡೆಗೆ ಕಟ್ಟುವ ಬ್ಯಾನರ್ ಬಂದವು. ಕಲಿಸಲು ಓಣಿಯಲ್ಲೇ ಕಾಲೇಜು ಓದುವ ಒಬ್ಬ ಹುಡುಗಿ ಒಪ್ಪಿದಳು. ಆಕೆಗೆ ಏನು ಕೊಡುತ್ತೀರಿ ಅಂತ ಗುಮಾಸ್ತನನ್ನು ಕೇಳಿದೆ. ಏನೂ ಇಲ್ಲ, ಅದು ಸೇವೆ ಅಂದ. ಪುಸ್ತಕಕ್ಕೆ ಇದೆ, ಬ್ಯಾನರಿಗೆ ಇದೆ, ಕಲಿಸುವವಳಿಗೆ ಇಲ್ಲ. ಇದನ್ನು ಹಂಚಿದವರು ಯಾರೋ ಒಂದು ದಿನವೂ ಯಾರಿಗೂ ಕಲಿಸಿದವರಲ್ಲ. ಸಂಘದಿಂದ ಆಕೆಗೆ ದಿನಾ ಒಬ್ಬೊಬ್ಬರು ರೊಟ್ಟಿ ಪಲ್ಯ ಕೊಡುವುದು ಅಂತ ಮಾಡಿದೆವು.

ಹತ್ತು ಮಂದಿ ದಿನಾ ಕುಳಿತ ಫೋಟೋ ಮೇಲೆ ಹೋಗಬೇಕಿತ್ತು, ಹಾಗಾಗಿ ನಾನೂ ಕುಳಿತೆ. ಮೊದಲು ಮಂದಿಗೆ ತೋರಿಸಲು ಕುಳಿತವಳು ಆಮೇಲೆ ಒತ್ತಕ್ಷರ ಕಲಿಯಲು ಕುಳಿತೆ. ಹಿಂದಿನ ಮನೆಯವಳು ಅಡುಗೆ ಮುಗಿಸಿ, ಪಾತ್ರೆ ಬೆಳಗಿ ಬರುತ್ತಿದ್ದಳು. ಬೇರೆಯವರು ಹರಟೆ ಹೊಡೆದರೆ ಸಿಡುಕುತ್ತಿದ್ದಳು. ಅಕ್ಕಿ, ಬೇಳೆ, ಎಣ್ಣೆ, ಉಪ್ಪು ಇವನ್ನೇ ಮೊದಲು ಕಲಿಸು ಅಂತ ಹುಡುಗಿಯ ಜೊತೆ ಜಗಳ ತೆಗೆದಳು. ಪುಸ್ತಕದಲ್ಲಿ ಮೊದಲು ಬೇರೆ ಇತ್ತು. ಹುಡುಗಿ ಸೋತು ಅದನ್ನೇ ಕಲಿಸಿದಳು.

ಮೇ ತಿಂಗಳ ಒಂದು ಭಾನುವಾರ ಪರೀಕ್ಷೆ ಆಯಿತು. ನಾನು ಎಲ್ಲವನ್ನೂ ಸರಿಯಾಗಿಯೇ ಬರೆದೆ. ಕಲಿತ ಮೇಲೆ ಬರೆದರೆ ಅದರಲ್ಲಿ ಸುಳ್ಳೇನಿಲ್ಲ. ಇಬ್ಬರು ಬಿದ್ದರು. ಆ ಇಬ್ಬರಿಗಾಗಿ ಮತ್ತೆ ಕೇಂದ್ರ ಕೊಡುತ್ತೀರಾ ಅಂತ ಕೇಳಿದರೆ ಇಬ್ಬರಿಗೆ ಕೇಂದ್ರ ಇಲ್ಲ ಅಂದರು. ಉಪಾಧ್ಯಕ್ಷೆ ಬಂದು ನಾನೂ ಕಲಿಯಬೇಕಿತ್ತು ಅಂದಳು. ಈಗ ಅವರು ಮೂವರೂ ಸಂಜೆ ನನ್ನ ಕಟ್ಟೆಯ ಮೇಲೆ ಕುಳಿತು ತೀಡುತ್ತಾರೆ.

ಜೂನ್‌ನಲ್ಲಿ ಶಾಲೆ ಸುರುವಾಯಿತು. ಪಾಸಾದ ಕಾಗದ ಮಾತ್ರ ಬಂದಿರಲಿಲ್ಲ. ಹೆಡ್ ಮಾಸ್ತರರು ಹಿಂದಿನ ಮನೆಯವಳನ್ನು ಕರೆದು ಅಡುಗೆಯ ಬುಕ್ಕು ಮುಂದಿಟ್ಟು ಇವತ್ತಿನದು ಬರೆ ಅಂದರಂತೆ. ಪಕ್ಕದಲ್ಲಿ ಏಳನೆಯ ಈಯತ್ತೆಯವಳು ನಿಂತಿದ್ದಳಂತೆ. ಬರೆಯುವುದಕ್ಕೆ ಭಾಳ ಹೊತ್ತು ಹಿಡಿಯಿತು.

"ನೀ ಬರಿಯೂದ್ರಾಗ ಒಳಗ ಅನ್ನ ಸೀದು ಹೋಗ್ತದಲ್ಲವ್ವಾ" ಅಂದರಂತೆ ಮಾಸ್ತರರು.

"ಸೀಯಂಗಿಲ್ರಿ ಸರ. ಇಳಿಸೇ ಬಂದೀನಿ."

ಕಾಗದ ಬರುವ ತನಕ ಬುಕ್ಕು ನಿನ್ನ ಕೈಯಲ್ಲಿ ಇರಲಿ, ಬರದಿದ್ದರೆ ಮತ್ತೆ ನೋಡೋಣ ಅಂದರು. ಎರಡು ತಿಂಗಳು ಆಕೆ ಹಾಗೆಯೇ ತೂಗಾಡಿದಳು. ನಾನು ವಾರಕ್ಕೊಮ್ಮೆ ಕಚೇರಿಗೆ ಹೋಗಿ ಗುಮಾಸ್ತನ ಎದುರು ಕುಳಿತು ಬಂದೆ. ಅವನು ನನ್ನನ್ನು ಕಂಡ ಕೂಡಲೇ "ಬಂದಿಲ್ಲ ಆಯಿ" ಅನ್ನುತ್ತಿದ್ದ. ಆಗಸ್ಟ್‌ನಲ್ಲಿ ಬಂತು.

ಕಾಗದ ಕೊಟ್ಟಾಗ ಮಾಸ್ತರರು ಅದನ್ನು ನೋಡದೆ ಫೈಲಿಗೆ ಹಾಕಲು ಹೋದರಂತೆ. ಆಕೆ ಫೈಲಿನ ಮೇಲೆ ಕೈ ಇಟ್ಟಳು.

"ಓದಿ ಹಾಕ್ರಿ ಸರ. ನಾ ಓದೀನಿ, ನೀವೂ ಓದ್ರಿ."

ಅವರು ಓದಿದರು. ಆಕೆ ಈಗ ಮುಖ್ಯ ಅಡುಗೆಯವಳು. ಏಳನೆಯ ಈಯತ್ತೆಯವಳು ಒಂದು ವಾರ ಆಕೆಯ ಜೊತೆ ಮಾತು ಬಿಟ್ಟಿದ್ದಳು. ಆಮೇಲೆ ತಾನೇ ಮಾತಾಡಿದಳು. ಬೇಳೆಯ ಹಂಡೆ ಒಲೆಯಿಂದ ಇಳಿಸಲು ಇಬ್ಬರು ಬೇಕು.